ಅಂಗನವಾಡಿಗೆ ಒಂದು ಕಥೆ ಪುಸ್ತಕ ಹಿಡಿದು ಹೋಗಿ: ಸ್ತ್ರೀಶಕ್ತಿ ಸಂಘಗಳ ಅಕ್ಕತಂಗಿಯರಿಗೆ ಬಹಿರಂಗ ಪತ್ರ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಸ್ತ್ರೀಶಕ್ತಿ ಸಂಘಗಳ ಅಕ್ಕತಂಗಿಯರೇ,



ನಿಮ್ಮಿಂದ ಒಂದು ಕೆಲಸ ಆಗಬೇಕು, ಅದನ್ನು ಕೇಳಲು ಈ ಕಾಗದ ಬರೆಯುತ್ತಿದ್ದೇನೆ. ಒಂದೊಂದು ಸಂಘದಿಂದ ಇಬ್ಬರಿಬ್ಬರು, ವಾರಕ್ಕೊಂದು ದಿನ, ಅರ್ಧ ಗಂಟೆ ನಿಮ್ಮೂರಿನ ಅಂಗನವಾಡಿಗೆ ಹೋಗಿ ಅಲ್ಲಿನ ಮಕ್ಕಳಿಗೆ ಒಂದು ಕಥೆ ಪುಸ್ತಕ ಓದಿ ಹೇಳಿ. ಚಂದಾ ಎತ್ತುವುದು ಬೇಡ, ಬ್ಯಾನರ್ ಕಟ್ಟುವುದು ಬೇಡ, ಉದ್ಘಾಟನೆಗೆ ಯಾರನ್ನೂ ಕರೆಸುವುದು ಬೇಡ. ಪುಸ್ತಕ, ನೀವು, ಚಾಪೆಯ ಮೇಲೆ ಕೂತ ಮಕ್ಕಳು, ಇಷ್ಟಿದ್ದರೆ ಸಾಕು.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು. ನಮ್ಮ ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲೇ 1995ರಲ್ಲಿ ಶುರುವಾದ ನಲಿ-ಕಲಿ ಪದ್ಧತಿಯಲ್ಲಿ ನನ್ನ ಸೇವೆಯ ಬಹುಪಾಲು ಕಳೆಯಿತು. ಜೂನ್‌ ತಿಂಗಳಲ್ಲಿ ಒಂದನೇ ತರಗತಿಗೆ ಹೊಸದಾಗಿ ಸೇರಿದ ಮಕ್ಕಳ ಮುಂದೆ ಒಂದು ಚಿತ್ರದ ಪುಸ್ತಕ ಇಟ್ಟರೆ ಕೆಲವು ಮಕ್ಕಳು ಅದನ್ನು ಸರಿಯಾಗಿ ತಿರುಗಿಸಿ ಹಿಡಿದು, ಮೊದಲ ಹಾಳೆ ತೆರೆದು, ಚಿತ್ರದ ಮೇಲೆ ಬೆರಳಿಟ್ಟು ಗುಣುಗುಣು ಅನ್ನುತ್ತಾ ತಾವೇ ಕಥೆ ಕಟ್ಟಿಕೊಳ್ಳುತ್ತಿದ್ದವು. ಇನ್ನು ಕೆಲವು ಮಕ್ಕಳು ಅದನ್ನು ತಲೆಕೆಳಗಾಗಿ ಹಿಡಿದು, ನಾಲ್ಕೈದು ಹಾಳೆ ಒಟ್ಟಿಗೆ ಮಗುಚಿ, ಕೆಳಗಿಟ್ಟು ನನ್ನ ಮುಖ ನೋಡುತ್ತಿದ್ದವು. ಬುದ್ಧಿಯಲ್ಲಿ ಇವರಿಗೂ ಅವರಿಗೂ ವ್ಯತ್ಯಾಸ ಇರಲಿಲ್ಲ. ಈ ಎರಡನೆಯವರು ಆಟದಲ್ಲಿ, ಬಾಯಿಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿರುತ್ತಿದ್ದುದೂ ಉಂಟು. ಆದರೆ ಅವರ ಎದುರಿಗೆ ಅದುವರೆಗೆ ಯಾರೂ ಒಂದು ಪುಸ್ತಕ ಬಿಡಿಸಿ ಕೂತಿರಲಿಲ್ಲ. ಮನೆಯಲ್ಲಿ ಪುಸ್ತಕ ಇದ್ದರೆ ಅದು ಅಣ್ಣನದೋ ಅಕ್ಕನದೋ ಪಠ್ಯಪುಸ್ತಕ, ಮುಟ್ಟಿದರೆ ಬೈಗುಳ. ಇಂಥ ಮಕ್ಕಳಿಗೆ ಅಕ್ಷರದ ಹೆದರಿಕೆ ಬಿಡಿಸುವುದರಲ್ಲೇ ಅರ್ಧ ವರ್ಷ ಕಳೆಯುತ್ತಿತ್ತು. ಮೂರನೇ ತರಗತಿ ಮುಗಿಯುವಾಗಲೂ ಆ ಕೊರತೆ ತುಂಬದೆ ಉಳಿದ ಮಕ್ಕಳನ್ನು ನಾನು ಕಂಡಿದ್ದೇನೆ. ಅದಕ್ಕೇ, ಶಾಲೆಗೆ ಬರುವ ಮುಂಚಿನ ಮೂರು ವರ್ಷಗಳ ಬಗ್ಗೆ ನಿಮ್ಮ ಹತ್ತಿರ ಮಾತಾಡಬೇಕು ಅನ್ನಿಸಿದೆ.

ಆ ಮೂರು ವರ್ಷ ನಮ್ಮ ಹಳ್ಳಿಯ ಮಗು ಇರುವುದು ಅಂಗನವಾಡಿಯಲ್ಲಿ. ಅಂಗನವಾಡಿಯ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ಹಿರಿತನವೂ ಇದೆ. ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭಿಸಿದಾಗ ಕರ್ನಾಟಕದಲ್ಲಿ ಆರಿಸಿಕೊಂಡದ್ದು ತಿ. ನರಸೀಪುರವನ್ನು. 100 ಅಂಗನವಾಡಿಗಳಿಂದ ಶುರುವಾದದ್ದು ಇವತ್ತು ರಾಜ್ಯದಲ್ಲಿ 65 ಸಾವಿರ ಮೀರಿದೆ. ಕಾವೇರಿ ಕಪಿಲೆ ಕೂಡುವ ಜಾಗವೆಂದು, ಕುಂಭಮೇಳದ ಊರೆಂದು ತಿರುಮಕೂಡಲನ್ನು ನಾಡೆಲ್ಲ ಬಲ್ಲದು. ನಾಡಿನ ಮೊದಲ ಅಂಗನವಾಡಿಗಳ ಊರು ಎಂಬ ಮಾತು ಮಾತ್ರ ನಮ್ಮವರ ಬಾಯಲ್ಲೂ ಬರುವುದಿಲ್ಲ. ಆಗ ಆ ಚಾಪೆಗಳ ಮೇಲೆ ಕೂತು ಉಪ್ಪಿಟ್ಟು ತಿಂದ ಮಕ್ಕಳು ಈಗ ಐವತ್ತು ದಾಟಿದ್ದಾರೆ. ನಿಮ್ಮ ಸಂಘಗಳಲ್ಲೇ ಅಂಥವರು ಇದ್ದೀರಿ.

ಆ ಯೋಜನೆಯಲ್ಲಿ ಆರು ಕೆಲಸ ಹೇಳಿದ್ದರು: ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಕಾಯಿಲೆ ಮಕ್ಕಳನ್ನು ದೊಡ್ಡ ಆಸ್ಪತ್ರೆಗೆ ಕಳಿಸಿಕೊಡುವುದು, ತಾಯಂದಿರಿಗೆ ತಿಳಿವಳಿಕೆ ಕೊಡುವುದು, ಶಾಲಾಪೂರ್ವ ಶಿಕ್ಷಣ. ಮೊದಲ ಐದು ಕೆಲಸಗಳು ಈ 50 ವರ್ಷದಲ್ಲಿ ನಮ್ಮ ಊರುಗಳಲ್ಲಿ ಬೇರೂರಿವೆ. ಹಸುಳೆ ಸತ್ತ ಮನೆಗಳನ್ನು ಎಣಿಸಿಕೊಂಡು ಬೆಳೆದ ತಲೆಮಾರು ನಮ್ಮದು, ಆ ಐದರ ಬೆಲೆ ನಮಗೆ ಚೆನ್ನಾಗಿ ಗೊತ್ತು. ಆರನೆಯದಕ್ಕೆ ಮಾತ್ರ ಉಳಿದ ಹೊತ್ತು ಸಿಗುತ್ತದೆ. ಉಳಿಯುವ ಹೊತ್ತಾದರೂ ಎಷ್ಟು? ಮಕ್ಕಳ ತೂಕ, ಎತ್ತರ, ಬಾಣಂತಿಯರ ಪಟ್ಟಿ, ಮನೆಗೆ ಕೊಡುವ ರೇಷನ್ನು, ಸರ್ವೆ, ಮತದಾರರ ಪಟ್ಟಿ ಎಲ್ಲ ಅಂಗನವಾಡಿ ಟೀಚರ್ ತಲೆಯ ಮೇಲೆ. 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್ ಬಂದ ಮೇಲೆ ಪ್ರತಿದಿನ ಮೊಬೈಲಿಗೆ ತುಂಬಿಸುವ ಕೆಲಸ ಬೇರೆ. ನೆಟ್‌ವರ್ಕ್ ಸಿಗದ ಊರುಗಳಲ್ಲಿ ಟೀಚರ್ ಮೊಬೈಲ್ ಹಿಡಿದು ಬಾಗಿಲ ಹೊರಗೆ ನಿಂತಿರುತ್ತಾರೆ, ಒಳಗೆ ಸಹಾಯಕಿ ಒಲೆ ನೋಡುತ್ತಿರುತ್ತಾರೆ. ಗೋಡೆಯ ಮೇಲೆ ಚಿತ್ರ ಇದೆ, ಕಲಿಸಲು ‘ಚಿಲಿಪಿಲಿ’ ಪಠ್ಯಕ್ರಮ ಇದೆ, ಆಟದ ಸಾಮಾನು ಇದೆ. ಇಪ್ಪತ್ತು ಮಕ್ಕಳನ್ನು ಸುತ್ತ ಕೂರಿಸಿಕೊಂಡು ನಿಧಾನವಾಗಿ ಒಂದು ಪುಸ್ತಕ ಓದುವಷ್ಟು ಬಿಡುವಿರುವ ಒಂದು ಜೀವ ಮಾತ್ರ ಇಲ್ಲ.

ಆ ಜೀವ ನೀವಾಗಬಹುದು. 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಾಗ ನಿಮ್ಮ ಸಂಘಗಳನ್ನು ಕಟ್ಟಿದ್ದು ಅಂಗನವಾಡಿ ಟೀಚರೇ. ಮನೆಮನೆಗೆ ಬಂದು, ಗಂಡಂದಿರನ್ನು ಒಪ್ಪಿಸಿ, ವಾರಕ್ಕೆ ಹತ್ತು ಇಪ್ಪತ್ತು ರೂಪಾಯಿ ಉಳಿತಾಯ ಮಾಡಿಸಿ, ಪಾಸ್‌ಬುಕ್ ಹಿಡಿಸಿದ್ದು ಅವರು. ನಿಮ್ಮಲ್ಲಿ ಎಷ್ಟೋ ಜನ ಮೊದಲ ಸಲ ಹತ್ತು ಜನರ ಮುಂದೆ ಎದ್ದು ನಿಂತು ಮಾತಾಡಿದ್ದು ಅಂಗನವಾಡಿಯ ಅದೇ ಕೋಣೆಯಲ್ಲಿ. ಆ ಬಾಗಿಲು ನಿಮಗೆ ಹೊಸದಲ್ಲ. ಊರ ಮಕ್ಕಳಿಗೂ ನೀವು ಹೊಸಬರಲ್ಲ, ಯಾರಿಗೋ ಅತ್ತೆ, ಯಾರಿಗೋ ದೊಡ್ಡವ್ವ, ಯಾರಿಗೋ ಅಜ್ಜಿ.

‘ನಾನು ಓದಿರೋದೇ ಏಳನೇ ಕ್ಲಾಸು, ನನ್ನ ಕೈಲಿ ಆಯ್ತದಾ?’ ಎಂದು ಕೇಳುವವರು ಬಹಳ. ಆಗುತ್ತದೆ. ಮೂರರಿಂದ ಆರು ವರ್ಷದ ಮಕ್ಕಳ ಪುಸ್ತಕದಲ್ಲಿ ಹಾಳೆಗೊಂದು ಸಾಲು, ಹೆಚ್ಚೆಂದರೆ ಎರಡು ಸಾಲು ಇರುತ್ತದೆ. ಹಿಂದಿನ ರಾತ್ರಿ ಮನೆಯಲ್ಲಿ ಮೊಮ್ಮಗುವಿಗೋ ಮಗಳಿಗೋ ಎರಡು ಸಲ ಓದಿ ನೋಡಿಕೊಂಡರೆ ಮುಗಿಯಿತು. ಓದಲು ಬಾರದವರೂ ಜೊತೆಗೆ ಬನ್ನಿ. ಇಬ್ಬರಿಬ್ಬರು ಎಂದು ನಾನು ಕೇಳಿದ್ದು ಅದಕ್ಕೇ. ಒಬ್ಬರು ಓದಲಿ, ಇನ್ನೊಬ್ಬರು ಮಕ್ಕಳ ನಡುವೆ ಕೂತು ಚಿತ್ರ ತೋರಿಸಲಿ, ಅಳುವ ಕೂಸನ್ನು ಮಡಿಲಲ್ಲಿ ಕೂರಿಸಿಕೊಳ್ಳಲಿ.

ಇನ್ನು ಕಥೆ ಹೇಳುವ ಗಂಟಲಿನ ವಿಷಯದಲ್ಲಿ ನಮ್ಮ ಸೀಮೆಗೆ ಯಾರೂ ಹೇಳಿಕೊಡಬೇಕಿಲ್ಲ. ಮಾದಪ್ಪನ ಕಥೆಯನ್ನು ದೇವರಗುಡ್ಡರು, ಮಂಟೇಸ್ವಾಮಿ ಕಥೆಯನ್ನು ನೀಲಗಾರರು ರಾತ್ರಿಯಿಡೀ ಹಾಡುತ್ತಿದ್ದರೆ ಕಂಬಳಿ ಹೊದ್ದು ಬೆಳಗಿನವರೆಗೆ ಕೇಳಿದ ಜನ ನಾವು. ಕಥೆಗೆ ಎಲ್ಲಿ ದನಿ ಇಳಿಸಬೇಕು, ಎಲ್ಲಿ ತಡೆಯಬೇಕು ಎಂಬುದು ನಿಮ್ಮ ಮೈಯಲ್ಲೇ ಇದೆ. ಹಾಗಾದರೆ ಬಾಯಲ್ಲೇ ಕಥೆ ಹೇಳಿದರಾಯಿತು, ಪುಸ್ತಕ ಯಾಕೆ ಎನ್ನಬಹುದು. ಬಾಯಲ್ಲೂ ಹೇಳಿ, ಅದು ನಿಲ್ಲಬಾರದು. ಆದರೆ ಬಾಯಿಕಥೆ ಹೇಳಿದ ಹಾಗೆಲ್ಲ ಬದಲಾಗುತ್ತದೆ, ಅದರ ಸೊಗಸೇ ಅದು. ಪುಸ್ತಕದ ಕಥೆ ಹೋದ ವಾರ ಓದಿದಾಗ ಯಾವ ಮಾತಿತ್ತೋ ಈ ವಾರವೂ ಅದೇ ಮಾತು, ಓದಿದವರು ಬೇರೆಯಾದರೂ ಅದೇ ಮಾತು. ಈ ಕಪ್ಪು ಗೆರೆಗಳೊಳಗೆ ಮಾತು ಕೂತಿದೆ, ಯಾರು ತೆರೆದರೂ ಅದೇ ಬರುತ್ತದೆ ಎನ್ನುವುದು ಮಗುವಿಗೆ ಹೊಳೆಯುವುದು ಹೀಗೆ. ಅಕ್ಷರ ಕಲಿಯುವುದಕ್ಕೆ ಮುಂಚೆ ಅಕ್ಷರ ಏತಕ್ಕೆ ಎಂಬುದು ತಿಳಿದ ಮಗುವಿಗೆ ಶಾಲೆಯಲ್ಲಿ ಕಲಿಸುವುದು ಎಷ್ಟು ಹಗುರ ಎಂಬುದನ್ನು ಒಂದನೇ ತರಗತಿಯ ಯಾವ ಟೀಚರನ್ನಾದರೂ ಕೇಳಿ.

ಇನ್ನು ಭಾಷೆ. ನಂಜನಗೂಡಿನ ಕಡೆ ನಮ್ಮ ಮಕ್ಕಳು ಆನೆಗೆ ‘ಆನ’ ಅನ್ನುತ್ತವೆ, ಮನೆಗೆ ‘ಮನ’ ಅನ್ನುತ್ತವೆ. ಪುಸ್ತಕದ ಕನ್ನಡ ಬೇರೆ. ಮಗು ಶಾಲೆಗೆ ಬಂದ ದಿನವೇ ಅದರ ಬಾಯಿಮಾತನ್ನು ತಿದ್ದಲು ಹೊರಟು ಅದರ ಬಾಯಿ ಕಟ್ಟಿಸಿದ್ದನ್ನು ನಾವೆಲ್ಲ ನೋಡಿದ್ದೇವೆ. ಈ ಭಾಷೆಗೆ ಏನು ಶಕ್ತಿ ಇದೆ ಎಂಬುದನ್ನು ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲೇ ಹುಟ್ಟಿದ ದೇವನೂರ ಮಹಾದೇವ ಅವರು 1984ರಲ್ಲಿ ‘ಕುಸುಮಬಾಲೆ’ ಕಾದಂಬರಿ ಬರೆದು ತೋರಿಸಿದರು, 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಂಥ ಮಾತು ನಿಮ್ಮದು. ಪುಸ್ತಕದಲ್ಲಿ ಅಚ್ಚಾದ ಸಾಲನ್ನು ಇದ್ದ ಹಾಗೇ ಓದಿ, ಆಮೇಲೆ ಅದರ ಬಗ್ಗೆ ಮನೆಯ ಮಾತಿನಲ್ಲೇ ಮಾತಾಡಿ. ಮಗು ‘ಆನ’ ಅಂದರೆ ತಿದ್ದಬೇಡಿ. ಎರಡು ಕನ್ನಡವೂ ಒಂದೇ ಬಾಯಿಂದ, ಅದೂ ಗುರುತಿನವರ ಬಾಯಿಂದ ಬಂದರೆ, ಒಂದರಿಂದ ಇನ್ನೊಂದಕ್ಕೆ ದಾಟುವುದು ಮಗುವಿಗೆ ಕಷ್ಟವಾಗುವುದಿಲ್ಲ. ಹೊರಗಿನಿಂದ ಬಂದ ಎಷ್ಟು ಕಲಿತ ಮೇಡಂ ಆದರೂ ನಿಮ್ಮಷ್ಟು ಚೆನ್ನಾಗಿ ಇದನ್ನು ಮಾಡಲಾರರು. ಮನೆಯಲ್ಲಿ ಉರ್ದು ಆಡುವ ಮಕ್ಕಳಿದ್ದಾರೆ, ನಂಜನಗೂಡಿನ ಕಾರ್ಖಾನೆಗಳಿಗೆ ದುಡಿಯಲು ದೂರದಿಂದ ಬಂದವರ ಮಕ್ಕಳಿದ್ದಾರೆ. ಅವರಿಗೆ ಚಿತ್ರವೇ ಮೊದಲ ಆಸರೆ, ಅವರನ್ನು ಪುಸ್ತಕಕ್ಕೆ ಹತ್ತಿರ ಕೂರಿಸಿಕೊಳ್ಳಿ.

ಹೇಗೆ ಓದಬೇಕು ಎಂಬುದನ್ನು ಒಂದು ಸಣ್ಣ ಪ್ರಸಂಗದಿಂದ ಹೇಳುತ್ತೇನೆ. ಹುಲ್ಲಹಳ್ಳಿ ಕಡೆಯ ಒಂದು ಅಂಗನವಾಡಿ. ಕೋಳಿಮರಿ ಕಳೆದುಹೋದ ಕಥೆಯೊಂದನ್ನು ಓದುತ್ತಿದ್ದೆ. ಕೊನೆಯ ಹೊತ್ತಿಗೆ ಬೆಕ್ಕು ಎದುರಾಗುತ್ತದೆ, ಮಕ್ಕಳೆಲ್ಲ ಹೋ ಎಂದವು. ಅದುವರೆಗೆ ತುಟಿ ಬಿಚ್ಚದೆ ಕಂಬಕ್ಕೆ ಒರಗಿ ನಿಂತಿದ್ದ ಒಂದು ಹೆಣ್ಣುಕೂಸು ಹತ್ತಿರ ಬಂದು, ನನ್ನ ಕೈಯ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುವಿ, ಎರಡನೇ ಪುಟದ ಮೂಲೆಯಲ್ಲಿ ಬುಟ್ಟಿಯ ಹಿಂದಿಂದ ಇಣುಕುತ್ತಿದ್ದ ಬಾಲದ ತುದಿಯ ಮೇಲೆ ಬೆರಳಿಟ್ಟಿತು. ‘ಬೆಕ್ಕು ಆಗ್ಲೇ ಅವಿತ್ಕಂಡಿತ್ತು ಕನವ್ವ’ ಎಂದಿತು. ಆ ಬಾಲವನ್ನು ನಾನೂ ಗಮನಿಸಿರಲಿಲ್ಲ, ಪುಸ್ತಕದ ಮಾತಿನಲ್ಲೂ ಅದು ಇರಲಿಲ್ಲ. ಹಿಂದೆ ನೋಡಿದ್ದನ್ನು ಮುಂದೆ ಕಂಡದ್ದಕ್ಕೆ ಜೋಡಿಸಿ ಕಾರಣ ಹುಡುಕುವುದನ್ನು ನಾಲ್ಕು ವರ್ಷದ ಆ ಮಗು ತಾನೇ ಮಾಡಿತ್ತು. ಸುಮ್ಮನೆ ಕೂತ್ಕೋ ಎಂದು ಗದರಿದ್ದರೆ ಆ ಮಾತು ಅದರ ಹೊಟ್ಟೆಯಲ್ಲೇ ಉಳಿಯುತ್ತಿತ್ತು.

ಹಾಗಾಗಿ ಮಕ್ಕಳು ನಡುವೆ ಬಾಯಿ ಹಾಕಲಿ ಬಿಡಿ. ನೆಲದ ಮೇಲೆ ಅವರ ಎತ್ತರಕ್ಕೇ ಕೂತು, ಪುಸ್ತಕವನ್ನು ಪಕ್ಕಕ್ಕೆ ಹಿಡಿದು ಚಿತ್ರ ಎಲ್ಲರಿಗೂ ಕಾಣುವಂತೆ ಓದಿ. ಹಾಳೆ ತಿರುಗಿಸುವ ಮುಂಚೆ ‘ಈಗ ಏನಾಗ್ತದೆ?’ ಎಂದು ಕೇಳಿ, ಕೇಳಿದ ಮೇಲೆ ಕಾಯಿರಿ. ಮಗು ಒಂದು ಪದ ಹೇಳಿದರೆ ಅದಕ್ಕೆ ಎರಡು ಪದ ಸೇರಿಸಿ ನೀವು ಹೇಳಿ. 1988ರಲ್ಲಿ ಅಮೆರಿಕದಲ್ಲಿ ವೈಟ್‌ಹರ್ಸ್ಟ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಸಂಗಡಿಗರೊಂದಿಗೆ ಇದನ್ನೇ ಪರೀಕ್ಷಿಸಿದರು. ಎರಡು ಗುಂಪಿನ ತಂದೆತಾಯಿಗಳು ಮಕ್ಕಳಿಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಪುಸ್ತಕ ಓದಿದರು. ಒಂದು ಗುಂಪಿನವರಿಗೆ ಮಾತ್ರ ಹೀಗೆ ಕೇಳುವುದು, ಕಾಯುವುದು, ಸೇರಿಸಿ ಹೇಳುವುದನ್ನು ಕಲಿಸಿದ್ದರು. ಒಂದೇ ತಿಂಗಳಲ್ಲಿ ಆ ಗುಂಪಿನ ಮಕ್ಕಳ ಮಾತು ಎದ್ದುಕಾಣುವಷ್ಟು ಮುಂದೆ ಹೋಗಿತ್ತು. 1992ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಮೆಕ್ಸಿಕೊ ದೇಶದ ಬಡ ಮನೆಗಳ ಮಕ್ಕಳಿರುವ ಶಿಶುಪಾಲನಾ ಕೇಂದ್ರದಲ್ಲೂ ಅದೇ ಫಲ ಬಂತು. ಓದುವ ರೀತಿ ಮುಖ್ಯ ಎಂದು ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೆ.

ಮುಗಿದ ಮೇಲೆ ‘ಈ ಕಥೆಯ ನೀತಿ ಏನು?’ ಎಂದು ದಯವಿಟ್ಟು ಕೇಳಬೇಡಿ. ಅಆಇಈ ಬರೆಸಬೇಡಿ, ಕಂಠಪಾಠ ಒಪ್ಪಿಸಿಕೊಳ್ಳಬೇಡಿ. ಒಂದು ಪುಸ್ತಕವನ್ನೇ ಮಕ್ಕಳು ಮತ್ತೆ ಮತ್ತೆ ಕೇಳಿದರೆ ಬೇಸರ ಪಡದೆ ಮತ್ತೆ ಓದಿ, ಅವರು ಕಲಿಯುವುದು ಆ ಮರಳಿ ಓದಿನಲ್ಲೇ. ಎದ್ದು ಓಡಾಡುವ ಮಗು ಓಡಾಡಿಕೊಂಡಿರಲಿ, ಅದರ ಕಿವಿ ಇಲ್ಲೇ ಇರುತ್ತದೆ. ಮಕ್ಕಳ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ಖಂಡಿತ ಬೇಡ.

ಪುಸ್ತಕ ಎಲ್ಲಿಂದ ತರುವುದು? ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯವನ್ನು ಈಗ ಅರಿವು ಕೇಂದ್ರ ಎನ್ನುತ್ತಾರೆ, ಅಲ್ಲಿ ಮಕ್ಕಳ ಕಪಾಟು ಯಾವುದು ಎಂದು ಕೇಳಿ. 2020ರಲ್ಲಿ ‘ಓದುವ ಬೆಳಕು’ ಎಂದು ಮಕ್ಕಳನ್ನು ಗ್ರಂಥಾಲಯಕ್ಕೆ ಸೇರಿಸುವ ಅಭಿಯಾನ ನಡೆದಾಗ ಅದು ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗಾಗಿತ್ತು, ಅದಕ್ಕಿಂತ ಚಿಕ್ಕವರ ಪರವಾಗಿ ನೀವೇ ಹೋಗಿ ಪುಸ್ತಕ ತರಬೇಕು. ನ್ಯಾಷನಲ್ ಬುಕ್ ಟ್ರಸ್ಟಿನ ಮಕ್ಕಳ ಪುಸ್ತಕಗಳು ಕನ್ನಡದಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳನ್ನು ದುಡ್ಡಿಲ್ಲದೆ ಇಳಿಸಿಕೊಂಡು ಅಚ್ಚು ಹಾಕಿಸಿಕೊಳ್ಳಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ನಿಮ್ಮ ಕಾಲೇಜು ಓದುವ ಮಕ್ಕಳಿಗೆ ಹೇಳಿ, ಮೊದಲ ಹಂತದ ಕಥೆಗಳನ್ನು ಆರಿಸಿ ಟೌನಿನ ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಹಾಳೆಯ ಮೇಲೆ ಬಣ್ಣದ ಪ್ರಿಂಟ್ ತೆಗೆಸಿಕೊಟ್ಟಾರು. ಮೊಬೈಲ್ ಪರದೆಯಲ್ಲೇ ತೋರಿಸಿಬಿಡುವ ಆಸೆ ಬೇಡ. ಮಗು ಹಾಳೆ ಮುಟ್ಟಬೇಕು, ತಿರುವಬೇಕು, ಹರಿದರೂ ಚಿಂತೆಯಿಲ್ಲ. ಅದೇ ಪ್ರಥಮ್ ಬುಕ್ಸ್‌ನವರು ಸೆಪ್ಟೆಂಬರ್ 8ರ ಸಾಕ್ಷರತಾ ದಿನದ ಸುಮಾರಿಗೆ ‘ಒಂದು ದಿನ ಒಂದು ಕಥೆ’ ಎಂದು ದೇಶದ ತುಂಬ ಸ್ವಯಂಸೇವಕರಿಂದ ಮಕ್ಕಳಿಗೆ ಕಥೆ ಓದಿಸುತ್ತಾ ಬಂದಿದ್ದಾರೆ. ಅದು ಒಳ್ಳೆಯ ಮೊದಲ ಹೆಜ್ಜೆ. ಆದರೆ ನಾನು ನಿಮ್ಮನ್ನು ಕೇಳುತ್ತಿರುವುದು ವರ್ಷಕ್ಕೊಂದು ದಿನದ ಓದಲ್ಲ, ವಾರವಾರದ ಓದು. ಬಂದೇ ಬರುತ್ತಾರೆ ಎಂದು ಮಗು ಬಾಗಿಲು ನೋಡುವ ಹಾಗೆ ಆಗಬೇಕು.

ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಊರುಗಳಲ್ಲಿ ಕೇರಿಗಳು ಬೇರೆ ಬೇರೆ, ಸಂಘಗಳೂ ಬಹುಪಾಲು ಕೇರಿಗೊಂದರಂತೆ ಆಗಿವೆ. ಎಷ್ಟೋ ಕಡೆ ಅಂಗನವಾಡಿಗೆ ಯಾರ ಮಕ್ಕಳು ಬರುತ್ತಾರೆ, ಯಾರ ಮಕ್ಕಳನ್ನು ಕಳಿಸುವುದಿಲ್ಲ, ಯಾರು ಅಡುಗೆ ಮಾಡಿದರೆ ಊಟಕ್ಕೆ ಕೂರಿಸುವುದಿಲ್ಲ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದ್ದರಿಂದ ಒಂದು ಸಂಘ ತನ್ನ ಕೇರಿಯ ಅಂಗನವಾಡಿಯಲ್ಲಷ್ಟೇ ಓದಿದರೆ ಸಾಲದು. ತಿಂಗಳಲ್ಲಿ ಒಂದು ವಾರವಾದರೂ ಇನ್ನೊಂದು ಕೇರಿಯ ಅಂಗನವಾಡಿಗೆ ಹೋಗಿ, ಅಲ್ಲಿಯ ಸಂಘದವರನ್ನು ನಿಮ್ಮಲ್ಲಿಗೆ ಕರೆಯಿರಿ. ಒಬ್ಬಳ ಮಡಿಲಲ್ಲಿ ಕೂತು ಕಥೆ ಕೇಳಿದ ಮಗುವಿಗೆ ಅವಳು ಯಾವ ಕೇರಿಯವಳು ಎಂದು ಮೂರು ವರ್ಷಕ್ಕೆ ಗೊತ್ತಿರುವುದಿಲ್ಲ. ಅದನ್ನು ಕಲಿಸುವವರು ದೊಡ್ಡವರು. ಇದಕ್ಕೆ ಮನೆಯಲ್ಲಿ ಮಾತು ಬರಬಹುದು, ಹಿರಿಯರು ಗೊಣಗಬಹುದು. ಹತ್ತು ಜನ ಒಟ್ಟಿಗೆ ನಿಂತು ಬ್ಯಾಂಕಿನ ಬಾಗಿಲು ತೆಗೆಸಿದವರು ನೀವು, ಇದನ್ನೂ ಒಟ್ಟಿಗೇ ನಿಂತು ಮಾಡಿ.

ತಾಯಂದಿರಲ್ಲಿ ಕೆಲವರು, ಅಂಗನವಾಡಿಯಲ್ಲಿ ಏನಿದೆ, ನಮ್ಮ ಮಗುವನ್ನು ಕಾನ್ವೆಂಟ್ ವ್ಯಾನಿಗೆ ಹತ್ತಿಸುತ್ತೇವೆ ಎನ್ನುತ್ತಾರೆ. ಅವರನ್ನು ನಾನು ಬೈಯುವುದಿಲ್ಲ, ಮಗು ಮುಂದೆ ಬರಲಿ ಎಂಬ ಆಸೆ ಅದು. ಸರ್ಕಾರವೂ 2024ರಲ್ಲಿ ಕೆಲವು ಅಂಗನವಾಡಿಗಳಲ್ಲಿ ಎಲ್‌ಕೆಜಿ, ಯುಕೆಜಿ ಶುರುಮಾಡಿದ್ದು ಆ ಆಸೆ ನೋಡಿಯೇ. ಆದರೆ ಮೂರು ವರ್ಷದ ಕೂಸಿಗೆ ಅರ್ಥವಾಗದ ಭಾಷೆಯ ಪದ್ಯ ಬಾಯಿಪಾಠ ಮಾಡಿಸುವುದಕ್ಕಿಂತ, ಅರ್ಥವಾಗುವ ಭಾಷೆಯ ಕಥೆಯನ್ನು ತನ್ನವರ ಬಾಯಿಂದ ಕೇಳಿಸುವುದೇ ಮುಂದೆ ಇಂಗ್ಲಿಷಿಗೂ ದಾರಿ. ಅಂಥ ತಾಯಂದಿರನ್ನು ಓದುವ ದಿನ ಕರೆದು ಕೂರಿಸಿಕೊಳ್ಳಿ. ವಾದ ಮಾಡಬೇಡಿ, ಓದುವುದನ್ನು ನೋಡಲಿ.

ಟೀಚರ್ ಮತ್ತು ಸಹಾಯಕಿಯರ ಬಗ್ಗೆ ಒಂದು ವಿನಂತಿ. ನೀವು ಹೋಗುವುದು ಅವರನ್ನು ತಪಾಸಣೆ ಮಾಡಲಿಕ್ಕಲ್ಲ. ಅವರಿಗೆ ಇವತ್ತಿಗೂ ಸಿಗುವುದು ಗೌರವಧನ. ಗ್ರಾಚ್ಯುಟಿಗೆ ಅವರು ಅರ್ಹರು ಎಂದು ಸುಪ್ರೀಂ ಕೋರ್ಟು 2022ರ ಏಪ್ರಿಲ್‌ನಲ್ಲಿ ಹೇಳುವ ತನಕ ಅದೂ ಅನುಮಾನದಲ್ಲಿತ್ತು. ಊರಿನ ಹೆಂಗಸರು ಪುಕ್ಕಟೆ ಬಂದು ಓದುತ್ತಾರಲ್ಲ, ಇನ್ನೊಬ್ಬ ಟೀಚರ್ ಏಕೆ ಎಂದು ನಾಳೆ ಯಾರಾದರೂ ಹೇಳಿದರೆ ಮೊದಲು ಎದ್ದು ಆಕ್ಷೇಪಿಸಬೇಕಾದವರು ನೀವೇ. ನಮ್ಮ ಓದು ಅವರ ಕೆಲಸದ ಜೊತೆಗೆ ಸೇರುವಂಥದ್ದು, ಅವರ ಜಾಗಕ್ಕೆ ಬರುವಂಥದ್ದಲ್ಲ. ಮಹಾರಾಷ್ಟ್ರದ ಕರಾವಳಿಯ ಬೋರ್ಡಿ, ಕೋಸಬಾಡಗಳಲ್ಲಿ ಆದಿವಾಸಿ ಮಕ್ಕಳ ಮನೆಯಂಗಳಕ್ಕೇ ಶಾಲೆಯನ್ನು ಕೊಂಡೊಯ್ದ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಅವರಿಗೆ ಊರು ಕೈಜೋಡಿಸಿದ್ದರಿಂದ ಅದು ನೆಲೆನಿಂತಿತು. ಇಲ್ಲೂ ಹಾಗೇ ಆಗಬೇಕು.

ಮೊದಲು ಟೀಚರ್ ಹತ್ತಿರ ಮಾತಾಡಿ, ಅವರಿಗೆ ಅನುಕೂಲವಾದ ದಿನ ಕೇಳಿ. ಅಂಗನವಾಡಿಯ ಬಾಲವಿಕಾಸ ಸಮಿತಿಯ ಸಭೆಯಲ್ಲಿ ವಿಷಯ ಇಡಿಸಿ, ಮೇಲ್ವಿಚಾರಕಿಯ ಮೂಲಕ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಒಂದು ಮನವಿ ಕೊಟ್ಟು ಒಪ್ಪಿಗೆ ಪಡೆಯಿರಿ. ಚುಚ್ಚುಮದ್ದಿನ ದಿನ, ಸಂತೆಯ ದಿನ ಬಿಡಿ. ಊಟಕ್ಕೆ ಮುಂಚಿನ ಹೊತ್ತು ಒಳ್ಳೆಯದು, ಊಟವಾದ ಮೇಲೆ ಮಕ್ಕಳು ತೂಕಡಿಸುತ್ತವೆ. ನಾಲೆಗೆ ನೀರು ಬಿಟ್ಟು ನಾಟಿ ಶುರುವಾದರೆ ನಿಮ್ಮಲ್ಲಿ ಅನೇಕರಿಗೆ ಬಿಡುವಿರುವುದಿಲ್ಲ, ಆ ವಾರಗಳಿಗೆ ಗದ್ದೆಗೆ ಇಳಿಯಲಾಗದ ಹಿರಿಯರ ಹೆಸರು ಹಾಕಿ. ನಂಜನಗೂಡಿನ ದೊಡ್ಡ ಜಾತ್ರೆ, ಸುತ್ತೂರು ಜಾತ್ರೆ, ಮುಡುಕುತೊರೆ ಜಾತ್ರೆಯ ದಿನಗಳಲ್ಲಿ ಮಕ್ಕಳೇ ಬರುವುದಿಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬರಲಾಗದ ವಾರ ಹಿಂದಿನ ದಿನವೇ ಟೀಚರಿಗೆ ಹೇಳಿಕಳಿಸಿ, ಬದಲಿಗೆ ಇನ್ನೊಬ್ಬರನ್ನು ಕಳಿಸಿ.

ಈ ವಾರದ ಸಭೆಯಲ್ಲಿ ಉಳಿತಾಯದ ಹಣ ಎಣಿಸಿ, ಸಾಲದ ಕಂತು ಬರೆದುಕೊಂಡ ಮೇಲೆ ಇದನ್ನು ಚರ್ಚೆಗೆ ತೆಗೆದುಕೊಳ್ಳಿ. ಮುಂದಿನ ಮೂರು ತಿಂಗಳಿಗೆ ಯಾವ ವಾರ ಯಾರಿಬ್ಬರು, ಯಾವ ಅಂಗನವಾಡಿ, ಯಾವ ಪುಸ್ತಕ ಎಂದು ನಡಾವಳಿ ಪುಸ್ತಕದಲ್ಲಿ ಬರೆದು, ಓದುವವರ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿ.

ಇಂತಿ,
ನಿಮ್ಮವಳೇ ಆದ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ